ಹಳೇ ಲೆನ್ಸು, ಹೊಸ ಕ್ಯಾಮೆರಾ: ಮೊದಲು ಅಂತರ ನೋಡಿ

ಕೇಳುಗರಿಗೆ ನಮಸ್ಕಾರ. ಬಳ್ಳಾರಿ, ರಾಯಚೂರು, ಕೊಪ್ಪಳದ ಹಳೇ ಸ್ಟುಡಿಯೊಗಳ ಅಲ್ಮೇರಾ ತೆಗೆದರೆ ರೀಲ್ ಕಾಲದ ಲೆನ್ಸುಗಳು ಇನ್ನೂ ಸಿಗುತ್ತವೆ. ನಿಕಾನ್, ಪೆಂಟಾಕ್ಸ್, ಯಾಶಿಕಾ, ಕ್ಯಾನನ್. ಕಿರುಚಿತ್ರ ಮಾಡಲು ಹೊರಟ ನೀವು ಇವನ್ನು ಡಿಜಿಟಲ್ ಸಿನಿಮಾ ಕ್ಯಾಮೆರಾಕ್ಕೆ ಹಾಕಬೇಕೆಂದಿದ್ದೀರಿ. ಖಂಡಿತ ಹಾಕಿ. ಕೈಗೆ ಹಿತವಾಗಿ ತಿರುಗುವ ಫೋಕಸ್ ರಿಂಗು, ಲೆನ್ಸಿನ ಮೇಲೇ ಬೆಳಕಿನ ಕಿಂಡಿ ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ರಿಂಗು, ಗಟ್ಟಿ ಲೋಹದ ಮೈ. ಆದರೆ ಲೆನ್ಸ್ ಕೈಗೆ ಬಂದ ಕೂಡಲೇ ಎಲ್ಲರೂ ಕೇಳುವುದು ‘ಇದು ಎಷ್ಟು ಶಾರ್ಪ್?’ ಅಂತ. ಅದನ್ನು ಆಮೇಲೆ ಕೇಳಿ. ಮೊದಲು ಅಂತರ.

ಯಾವ ಅಂತರ? ಲೆನ್ಸ್ ಕೂರುವ ಲೋಹದ ಬಾಯಿ, ಅಂದರೆ ಮೌಂಟಿನಿಂದ, ಚಿತ್ರ ಹಿಡಿಯುವ ಸೆನ್ಸರ್‌ವರೆಗಿನದು. ಅದಕ್ಕೆ ಫ್ಲ್ಯಾಂಜ್ ಅಂತರ ಅನ್ನುತ್ತಾರೆ. ಲೆನ್ಸಿನ ಅಂತರ, ಅಂದರೆ ಅದರ ಹಳೇ ಕ್ಯಾಮೆರಾದಲ್ಲಿದ್ದದ್ದು, ಹೊಸ ಕ್ಯಾಮೆರಾದ ಅಂತರಕ್ಕಿಂತ ಹೆಚ್ಚಿರಬೇಕು. ಹೆಚ್ಚಿದ್ದಷ್ಟನ್ನು ಅಡಾಪ್ಟರ್, ಅಂದರೆ ನಡುವೆ ಹಾಕುವ ಬಳೆ, ತುಂಬುತ್ತದೆ. ಕಡಿಮೆ ಇದ್ದರೆ ತುಂಬುವುದಕ್ಕೆ ಜಾಗವೇ ಇಲ್ಲ. ಪೆನ್ನು ಹಿಡಿದುಕೊಳ್ಳಿ. ನಿಕಾನ್ ಎಫ್ 46.5 ಮಿಲಿಮೀಟರ್. ಒಲಿಂಪಸ್ ಓಎಂ 46. ಕಾಂಟ್ಯಾಕ್ಸ್-ಯಾಶಿಕಾ 45.5. ತಿರುಪಿನ ಎಂ42, ಅಂದರೆ ಹಳೇ ಪೆಂಟಾಕ್ಸ್ ಟಾಕುಮಾರ್, 45.46. ಮಿನೋಲ್ಟಾದ ಹಳೇ ಕೈ ಫೋಕಸ್ ಲೆನ್ಸು 43.5. ಕ್ಯಾನನ್ ಎಫ್‌ಡಿ 42. ಈಗ ಕ್ಯಾಮೆರಾ. ಕ್ಯಾನನ್ ಇಎಫ್ ಮೌಂಟ್ 44, ಮೈಕ್ರೋ ಫೋರ್ ಥರ್ಡ್ಸ್ 19.25, ಸೋನಿ ಇ 18. ಅಂದರೆ ಕೊನೆಯ ಎರಡಕ್ಕೆ ನಾನು ಹೇಳಿದ ಲೆನ್ಸುಗಳೆಲ್ಲ ಕೂರುತ್ತವೆ. ಇಎಫ್ ಮೌಂಟಿಗೆ ಮಿನೋಲ್ಟಾ, ಎಫ್‌ಡಿ ಸರಿಯಾಗಿ ಕೂರುವುದಿಲ್ಲ, ದೂರದ್ದು ಫೋಕಸ್ ಆಗುವುದಿಲ್ಲ. ಮಾರುವವರು ‘ಎಲ್ಲಕ್ಕೂ ಆಗುತ್ತೆ ಸಾರ್’ ಅನ್ನುತ್ತಾರೆ. ಆಗುವುದಿಲ್ಲ.

ಆನೆಗೊಂದಿಗೆ ಹೋದ ಒಂದು ತಂಡದ ಪಾಡು ಕೇಳಿ. ಇಎಫ್ ಮೌಂಟಿನ ಕ್ಯಾಮೆರಾ, ಎಫ್‌ಡಿ 50 ಮಿಲಿಮೀಟರ್ ಲೆನ್ಸು, ನಡುವೆ ಗಾಜಿಲ್ಲದ ಅಗ್ಗದ ಅಡಾಪ್ಟರು. ಬಂಡೆ ಮೇಲೆ ಕೂತ ಹುಡುಗಿಯ ಮುಖ ಮೊದಲು, ಆಮೇಲೆ ಫೋಕಸ್ ಹಿಂದಿನ ಅಂಜನಾದ್ರಿ ಬೆಟ್ಟಕ್ಕೆ ಜಾರಬೇಕು. ಕ್ಯಾಮೆರಾ ಹತ್ತಿರ ಇಟ್ಟಾಗ ಮುಖ ಬಂತು, ರೆಪ್ಪೆಗೂದಲು ಎಣಿಸಬಹುದಿತ್ತು. ರಿಂಗನ್ನು ಕೊನೆವರೆಗೂ ತಿರುಗಿಸಿದರೂ ಬೆಟ್ಟ ಬರಲಿಲ್ಲ. ಮೇಲಿನ ಬಿಳಿ ಗುಡಿ ಬರೀ ಕಲೆಯಂತೆ ಕಂಡಿತು. ಲೆನ್ಸ್ ಒರೆಸಿದರು, ಮಾನಿಟರ್ ಬದಲಿಸಿದರು, ಫಂಗಸ್ ಇರಬೇಕು ಅಂದರು, ಕೊನೆಗೆ ಫೋಕಸ್ ಹಿಡಿದ ಹುಡುಗನನ್ನು ಬೈದರು. ಅಷ್ಟರಲ್ಲಿ ಹೊತ್ತು ಮುಳುಗಿತು. ಕಾರಣ ಕಾಗದದ ಮೇಲೆ ಒಂದು ನಿಮಿಷದ ಲೆಕ್ಕ. 44ರಲ್ಲಿ 42 ಕಳೆದರೆ 2. ಲೆನ್ಸು 2 ಮಿಲಿಮೀಟರ್ ಮುಂದೆ ಕೂತಿದೆ. ಲೆನ್ಸಿನ 50ನ್ನು 50ರಿಂದಲೇ ಗುಣಿಸಿ, 2500. ಎರಡರಿಂದ ಭಾಗಿಸಿ, 1250 ಮಿಲಿಮೀಟರ್. ಅಂದರೆ ಸುಮಾರು ನಾಲ್ಕು ಅಡಿ ಆಚೆ ಆ ಲೆನ್ಸಿಗೆ ಫೋಕಸ್ಸೇ ಇಲ್ಲ. ಅಡಾಪ್ಟರಿನ ದಪ್ಪ ಸೇರಿದರೆ ಇನ್ನೂ ಹತ್ತಿರ. 28ರ ಲೆನ್ಸಾಗಿದ್ದರೆ ಒಂದೂಕಾಲು ಅಡಿಗೇ ಮುಗಿಯುತ್ತಿತ್ತು. ಗಾಜಿರುವ ಅಡಾಪ್ಟರ್ ಹಾಕಿದರೆ ಬೆಟ್ಟವೇನೋ ಬರುತ್ತದೆ, ಆದರೆ ಆ ಸಣ್ಣ ಗಾಜು ಚಿತ್ರವನ್ನು ಮೆತ್ತಗೆ ಮಾಡುತ್ತದೆ, ಬೆಳಕೂ ಕದಿಯುತ್ತದೆ. ಒಳ್ಳೆ ಲೆನ್ಸಿಗೆ ಆ ಶಿಕ್ಷೆ ಬೇಡ. ಎಫ್‌ಡಿ ಲೆನ್ಸನ್ನು ಸೋನಿ ಇ ಅಥವಾ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾಕ್ಕೆ ಇಟ್ಟುಕೊಳ್ಳಿ.

ಅದಕ್ಕೇ ಮತ್ತೆ ಹೇಳುತ್ತೇನೆ, ಮೊದಲು ಅಂತರ. ಅಡಾಪ್ಟರಿಗೂ ಇದೇ ಮಾತು. ನಿಕಾನ್‌ನಿಂದ ಇಎಫ್‌ಗೆ 2.5 ಮಿಲಿಮೀಟರ್ ದಪ್ಪ ಇರಬೇಕು, ಎಂ42ನಿಂದ ಇಎಫ್‌ಗೆ 1.46. ವರ್ನಿಯರ್ ಕ್ಯಾಲಿಪರ್ ತಗೊಂಡು ನಾಲ್ಕು ಕಡೆ ಅಳೆಯಿರಿ. 0.1 ಮಿಲಿಮೀಟರ್ ದಪ್ಪ ಹೆಚ್ಚಾದರೂ 28ರ ಲೆನ್ಸು ಎಂಟು ಮೀಟರ್ ಆಚೆ ಪೂರ್ತಿ ಫೋಕಸ್ ಆಗುವುದಿಲ್ಲ. ತೆಳ್ಳಗಿದ್ದರೆ ಫೋಕಸ್ ಅನಂತ, ಅಂದರೆ ಅತಿ ದೂರದ ಗುರುತು, ದಾಟಿ ಹೋಗುತ್ತದೆ, ಲೆನ್ಸಿನ ಮೇಲೆ ಬರೆದ ಅಡಿ-ಮೀಟರ್ ಗುರುತು ನಂಬಲಾಗುವುದಿಲ್ಲ. ಒಂದು ಪಕ್ಕ ದಪ್ಪ ಒಂದು ಪಕ್ಕ ತೆಳ್ಳಗಿದ್ದರೆ ಫ್ರೇಮಿನ ಒಂದು ಅಂಚು ಸದಾ ಮಸುಕು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ನಿಕಾನ್‌ನಲ್ಲಿ ‘ಜಿ’ ಅಂತ ಬರೆದ ಲೆನ್ಸಿಗೆ ಅಪರ್ಚರ್ ರಿಂಗಿಲ್ಲ, ರಿಂಗಿರುವ ಎಐ ಅಥವಾ ಎಐ-ಎಸ್ ಎಂಬ ಹಳೇ ಮಾದರಿ ಹುಡುಕಿ. ನಿಕಾನ್ ಫೋಕಸ್ ಕ್ಯಾನನ್, ಮಿನೋಲ್ಟಾಗಳ ವಿರುದ್ಧ ದಿಕ್ಕಿಗೆ ತಿರುಗುತ್ತದೆ, ಹಾಗಾಗಿ ಒಂದೇ ಚಿತ್ರಕ್ಕೆ ಎರಡು ಜಾತಿಯ ಲೆನ್ಸ್ ಬೆರೆಸಬೇಡಿ. ಎಂ42 ಲೆನ್ಸಿನ ಹಿಂದಿನ ಸಣ್ಣ ಪಿನ್ ಒತ್ತಿದರೆ ಮಾತ್ರ ಅಪರ್ಚರಿನ ಬ್ಲೇಡ್ ಮುಚ್ಚುತ್ತದೆ. ಆಟೊ-ಮ್ಯಾನುಯಲ್ ಸ್ವಿಚ್ ಇದ್ದರೆ ಮ್ಯಾನುಯಲ್‌ಗೆ ಹಾಕಿ, ಇಲ್ಲದಿದ್ದರೆ ಪಿನ್ ಒತ್ತುವ ಅಡಾಪ್ಟರ್ ಕೇಳಿ. ಸೆನ್ಸರ್ ಚಿಕ್ಕದಾದರೆ ನೋಟ ಕಿರಿದಾಗುತ್ತದೆ. ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 50ರ ಲೆನ್ಸು ರೀಲ್ ಕ್ಯಾಮೆರಾದ 100ರಂತೆ ಕಾಣುತ್ತದೆ, ಮನೆಯೊಳಗಿನ ದೃಶ್ಯಕ್ಕೆ 24 ಅಥವಾ 28 ಬೇಕೇ ಬೇಕು.

ಕೊಳ್ಳುವಾಗ ಮೊಬೈಲ್ ಟಾರ್ಚನ್ನು ಲೆನ್ಸಿನ ಹಿಂದಿನಿಂದ ಹಾಯಿಸಿ. ನಾಲ್ಕು ಧೂಳಿನ ಕಣ ಇದ್ದರೆ ಚಿಂತೆ ಬೇಡ, ಬಳ್ಳಾರಿಯಲ್ಲಿ ಧೂಳಿಲ್ಲದ ಲೆನ್ಸ್ ಎಲ್ಲಿದೆ. ಬಿಳಿ ಬೇರಿನಂಥ ಗೆರೆ ಕಂಡರೆ ಅದು ಫಂಗಸ್, ಬಿಟ್ಟುಬಿಡಿ. ನಮ್ಮ ಬೇಸಿಗೆಗೆ ಗ್ರೀಸ್ ತೆಳುವಾಗಿ ಎಣ್ಣೆ ಬ್ಲೇಡಿಗೆ ಇಳಿಯುತ್ತದೆ, ಅಪರ್ಚರ್ ರಿಂಗು ತಿರುಗಿಸಿ ಬ್ಲೇಡು ಅಂಟುತ್ತದೆಯೇ ನೋಡಿ. ಕೊನೆಗೆ ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿ ಅಂಗಡಿ ಬಾಗಿಲಿಗೆ ಬನ್ನಿ, ಅಪರ್ಚರ್ ಪೂರ್ತಿ ತೆರೆದು ಬೀದಿ ತುದಿಯ ಬೋರ್ಡಿಗೆ ಫೋಕಸ್ ಮಾಡಿ. ಅಕ್ಷರ ಓದಲು ಬಂದರೆ ದುಡ್ಡು ಕೊಡಿ. ನಮಸ್ಕಾರ.