ಪುಣೆಯ ಬಾಂಬರ್ ನೆಲೆ, ಬೆಂಗಳೂರಿನ ಕೈಗಳು

ನಮಸ್ಕಾರ ಕೇಳುಗರೇ. ವಾಯುನೆಲೆ ಅಂದ ಕೂಡಲೇ ಎಲ್ಲರೂ ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ರನ್‌ವೇ ಎಷ್ಟು ಉದ್ದ? ವಿಮಾನ ಎಷ್ಟಿವೆ? ಕೇಳಿ ಕೇಳಿ ನನಗೂ ಸಾಕಾಗಿದೆ. ಬಾಂಬರ್ ನೆಲೆ ಅಂದರೆ ರನ್‌ವೇ ಅಲ್ಲ, ಇಳಿದ ವಿಮಾನವನ್ನು ಮತ್ತೆ ಹಾರಲು ಸಿದ್ಧಮಾಡುವ ಕೈಗಳು. ಇವತ್ತು ಇದೊಂದು ಮಾತು ನಿಮಗೆ ನೆನಪಿದ್ದರೆ ಸಾಕು.

ಪುಣೆಯ ಲೋಹೆಗಾಂವ್ ನೆಲೆಯನ್ನೇ ತೆಗೆದುಕೊಳ್ಳಿ. 1939ರಲ್ಲಿ ಮುಂಬೈಯ ರಕ್ಷಣೆಗೆಂದು ಬ್ರಿಟಿಷರು ಕಟ್ಟಿದ್ದು. ಸ್ವಾತಂತ್ರ್ಯ ಬಂತು. ರನ್‌ವೇ ನಮ್ಮದಾಯಿತು, ಆದರೆ ದೊಡ್ಡ ಬಾಂಬರ್ ಎಲ್ಲಿತ್ತು? ಕಾಶ್ಮೀರದ ಯುದ್ಧದಲ್ಲಿ ಸಾಮಾನು ಸಾಗಿಸುವ ಡಕೋಟಾದಿಂದಲೇ ಬಾಂಬ್ ಉರುಳಿಸಿದರು!

ಆಗ ಎಲ್ಲರ ಕಣ್ಣು ಕಾನ್ಪುರದ ಕಡೆ ಹೋಯಿತು. ಮಹಾಯುದ್ಧ ಮುಗಿದ ಮೇಲೆ ಲಿಬರೇಟರ್ ಬಾಂಬರ್‌ಗಳನ್ನು ಅಲ್ಲಿ ಗುಜರಿಯ ಹಾಗೆ ಬಿಟ್ಟಿದ್ದರು. ಅಮೆರಿಕದ ವಿಮಾನ. ಒಂದೊಂದಕ್ಕೂ ನಾಲ್ಕು ಎಂಜಿನ್. ಬಿಟ್ಟುಹೋಗುವಾಗ ಬ್ರಿಟಿಷರು ಅವನ್ನು ಬೇಕಂತಲೇ ಕೆಡಿಸಿದ್ದರು. ಎಂಜಿನ್ನಿಗೆ ಮರಳು ಸುರಿದಿದ್ದರು, ಮೈಗೆಲ್ಲ ತೂತು ಹೊಡೆದಿದ್ದರು. ಇನ್ನು ಇವು ಹಾರುವುದೇ ಇಲ್ಲ ಅಂತ ಅವರ ಲೆಕ್ಕ.

ನಮ್ಮ ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನವರು ಅಲ್ಲಿಗೆ ಹೋದರು. ಇದ್ದುದರಲ್ಲಿ ವಾಸಿಯಾದ ವಿಮಾನಗಳನ್ನು ಆರಿಸಿದರು. ಬೆಂಗಳೂರು ಮುಟ್ಟುವಷ್ಟು ಗಟ್ಟಿಯಾದರೆ ಸಾಕು ಅಂತ ಅಲ್ಲೇ ತೇಪೆ ಹಾಕಿದರು. ಎಚ್‌ಎಎಲ್‌ನ ಪೈಲಟ್ ಜಮ್ಶೆಡ್ ಮುನ್ಷಿ ಆ ತೇಪೆಯ ವಿಮಾನಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಸುಮ್ನೆ ಯೋಚಿಸಿ, ಮರಳು ತುಂಬಿದ್ದ ಎಂಜಿನ್ ನಂಬಿಕೊಂಡು ಅಷ್ಟು ದೂರ! ಇಲ್ಲಿ ಅವನ್ನು ಪೂರ್ತಿ ರಿಪೇರಿ ಮಾಡಿದರು. ಹೀಗೆ ಸುಮಾರು 40 ವಿಮಾನಗಳು ಮತ್ತೆ ಎದ್ದು ನಿಂತವು. 1948ರ ನವೆಂಬರ್‌ನಲ್ಲಿ ಇವುಗಳಿಂದಲೇ ನಮ್ಮ ವಾಯುಪಡೆಯ 5ನೇ ಸ್ಕ್ವಾಡ್ರನ್, ಅಂದರೆ ಬಾಂಬರ್‌ಗಳ ತಂಡ, ಹುಟ್ಟಿತು, ಆಮೇಲೆ ಪುಣೆಗೆ ಬಂತು. ಲೋಹೆಗಾಂವ್ ನಿಜವಾಗಿ ನಮ್ಮ ಬಾಂಬರ್ ನೆಲೆ ಆದದ್ದು ಆಗಲೇ. ಗುಜರಿಯಿಂದ ಬಂದ ಲಿಬರೇಟರ್‌ಗಳು 1968ರವರೆಗೂ ಸೇವೆಯಲ್ಲಿದ್ದವು. ಅದರಲ್ಲೊಂದು ಇವತ್ತು ಲಂಡನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂನಲ್ಲಿದೆ. ನಮ್ಮವರು ಉಳಿಸಿಕೊಂಡಿದ್ದಕ್ಕೇ ಅಲ್ವಾ ಅವರಿಗೂ ಸಿಕ್ಕಿದ್ದು?

ಅಯ್ಯೋ, ಸಮಯ ಓಡುತ್ತಿದೆ. ಬೇಗ ಹೇಳುತ್ತೇನೆ. 1957ರಲ್ಲಿ ಕ್ಯಾನ್‌ಬೆರಾ ಜೆಟ್ ಬಾಂಬರ್ ಬಂತು. 1961ರ ಡಿಸೆಂಬರ್ 18ರ ಬೆಳಿಗ್ಗೆ ಪುಣೆಯಿಂದ 12 ಕ್ಯಾನ್‌ಬೆರಾಗಳು ಹೊರಟು, ಆಗ ಪೋರ್ಚುಗೀಸರ ಕೈಯಲ್ಲಿದ್ದ ಗೋವಾದ ದಾಬೋಳಿ ರನ್‌ವೇಗೆ ಬಾಂಬ್ ಹಾಕಿದವು. ಟರ್ಮಿನಲ್ ಮುಟ್ಟಬೇಡಿ ಅಂತ ಆಜ್ಞೆ ಇತ್ತು, ಮುಟ್ಟಲಿಲ್ಲ. ಆದರೆ ಅಲ್ಲಿದ್ದ ಪೋರ್ಚುಗೀಸರು ಅವಸರದಲ್ಲಿ ಹೊಂಡ ಮುಚ್ಚಿ, ಅದೇ ರಾತ್ರಿ ಎರಡು ವಿಮಾನಗಳನ್ನು ಕರಾಚಿಗೆ ಹಾರಿಸಿಬಿಟ್ಟರು. ನೋಡಿದಿರಾ? ರನ್‌ವೇ ಕೆಟ್ಟರೂ ಕೈಗಳಿದ್ದವು. ನಾನು ಹೇಳುತ್ತಿರುವುದೂ ಇದನ್ನೇ.

ಸುಖೋಯ್ ಯುದ್ಧವಿಮಾನದ ಬಗ್ಗೆ ಜಾಸ್ತಿ ಹೇಳಲು ಹೊತ್ತಿಲ್ಲ. 2002ರಲ್ಲಿ ಸುಖೋಯ್-30 ಎಂಕೆಐ ವಾಯುಪಡೆ ಸೇರಿದ್ದೂ ಇದೇ ಲೋಹೆಗಾಂವ್‌ನಲ್ಲಿ.

ಕೊನೆಗೆ ಒಂದು ಕೋರಿಕೆ. ಆ ಕಾಲದಲ್ಲಿ ಎಚ್‌ಎಎಲ್‌ನಲ್ಲಿ ದುಡಿದ ಅಜ್ಜ ಯಾರಾದರೂ ನಿಮ್ಮ ಮನೆಯಲ್ಲಿ ಇದ್ದರಾ? ಪೆಟ್ಟಿಗೆಯಲ್ಲಿ ಅವರ ಹಳೇ ಫೋಟೋ ಸಿಕ್ಕರೆ, ಅದರಲ್ಲಿ ನಿಂತವರ ಹೆಸರು ಕೇಳಿ ತಿಳಿದು ಫೋಟೋದ ಹಿಂಬದಿಯಲ್ಲಿ ಬರೆದಿಡಿ. ನಮಸ್ಕಾರ.