'ತಂತಿ ಕಳ್ಳರ' ಬೇಟೆ ಲಂಬಾಣಿ ತಾಂಡಾದವರೆಗೂ ಬಂದಿದ್ದು ಹೇಗೆ?

[ದೃಶ್ಯ: ಬೆಳಗಿನ ಜಾವ, ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ]

ನಮಸ್ಕಾರ. ನನ್ನ ಹಿಂದೆ ಕಾಣುತ್ತಿರುವ ಈ ಕಲ್ಲು ಸೇತುವೆ ದಿವಾನ್ ಪೂರ್ಣಯ್ಯನವರ ಕಾಲದ್ದು. 1804ರಲ್ಲಿ ಮುಗಿಯಿತು. ಇಲ್ಲಿಂದ ಮಂಡ್ಯ, ಮದ್ದೂರು, ಚನ್ನಪಟ್ಟಣ ದಾಟಿ ಬೆಂಗಳೂರಿಗೆ ಹೋಗಲು ಈಗ ಎರಡು ಗಂಟೆ ಸಾಕು. ಆಗ ನಾಲ್ಕೈದು ದಿನ ನಡೆಯಬೇಕಿತ್ತು. ಬುತ್ತಿ ಕಟ್ಟಿಕೊಂಡು, ಛತ್ರದಲ್ಲೋ ಮಂಟಪದಲ್ಲೋ ಮಲಗಿ, ದಾರಿಯಲ್ಲಿ ಸಿಕ್ಕವರ ಜೊತೆ ಸೇರಿ ಹೋಗುತ್ತಿದ್ದರು. ಒಂಟಿ ಪ್ರಯಾಣಕ್ಕಿಂತ ಗುಂಪು ಮೇಲು, ಅಲ್ವಾ?

ಆ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡವರಿದ್ದರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸ್ವಲ್ಪ ಸಮಯಕ್ಕೆ ಬೆಂಗಳೂರಿನ ಸುತ್ತಮುತ್ತ ಸುಮಾರು 100 ಮಂದಿಯನ್ನು ಬ್ರಿಟಿಷರು ಹಿಡಿದರು. ಉತ್ತರದಲ್ಲಿ ಇಂಥವರಿಗೆ ಥಗ್ಗರು ಎಂಬ ಹೆಸರಿತ್ತು. ಕನ್ನಡದಲ್ಲಿ ಇವರನ್ನು 'ತಂತಿ ಕಳ್ಳರು' ಎನ್ನುತ್ತಾರೆ ಎಂದು ಮದ್ರಾಸಿನ ವೈದ್ಯ ರಿಚರ್ಡ್ ಶೆರ್ವುಡ್ 1816ರಲ್ಲಿ ಬರೆದಿಟ್ಟ. ತಂತಿಯಿಂದ ಕುತ್ತಿಗೆ ಬಿಗಿಯುವವರು ಎಂದು ಅರ್ಥ.

[ದೃಶ್ಯ: ರೇಖಾಚಿತ್ರ, ಮರದ ನೆರಳಲ್ಲಿ ಕುಳಿತ ಪ್ರಯಾಣಿಕರು]

ಇವರು ಕತ್ತಿ ಹಿಡಿದು ಮೇಲೆ ಬೀಳುತ್ತಿರಲಿಲ್ಲ. ವ್ಯಾಪಾರಿಗಳ ಹಾಗೆ ಬರುತ್ತಿದ್ದರು. ಯಾವ ಊರು, ಎಲ್ಲಿಗೆ ಪಯಣ ಎಂದು ಮಾತಿಗೆಳೆದು ಜೊತೆಯಾಗುತ್ತಿದ್ದರು. ಜನ ಓಡಾಡದ ಜಾಗ ಬಂದಾಗ ಒಂದು ಸನ್ನೆ. ಹೆಸರಲ್ಲಿ ತಂತಿ ಇದ್ದರೂ, ಒಬ್ಬ ಕುತ್ತಿಗೆಗೆ ಬಟ್ಟೆ ಬಿಗಿದರೆ ಇನ್ನೊಬ್ಬ ಕೈ ಹಿಡಿಯುತ್ತಿದ್ದ. ಆಮೇಲೆ ಹೆಣವನ್ನು ಅಲ್ಲೇ ಹೂಳುತ್ತಿದ್ದರು. ಮನೆಯವರು ಕಾಯುತ್ತಲೇ ಇರುತ್ತಿದ್ದರು. ನನಗೆ ಜಾಸ್ತಿ ಸಂಕಟವಾಗುವುದು ಇಲ್ಲೇ.

ರಜೆಯಲ್ಲಿ ಸಂಬಳದ ದುಡ್ಡು ಹಿಡಿದು ಊರಿಗೆ ಹೊರಟ ಸಿಪಾಯಿಗಳೂ ಹೀಗೆ ಸತ್ತರು. ದಾರಿಯಲ್ಲಿ ಅಪರಿಚಿತರ ಜೊತೆ ಸೇರಬೇಡಿ, ಹಣವನ್ನು ಹುಂಡಿಯಲ್ಲಿ, ಅಂದರೆ ಹಣ ಪಾವತಿಯ ಚೀಟಿಯಲ್ಲಿ, ಕಳಿಸಿ ಎಂದು ಬಂಗಾಳದ ಸೇನೆಯಲ್ಲಿ 1810ರಲ್ಲೇ ಆದೇಶ ಹೊರಟಿತ್ತು.

ಇವರನ್ನು ಮೊದಲು ಹಿಡಿದವರು ಬ್ರಿಟಿಷರೇ ಎನ್ನುವುದು ಸರಿಯಲ್ಲ. ಹೈದರ್ ಅಲಿ ಇಂಥ ಹಲವರನ್ನು ಮುಗಿಸಿದ್ದ ಎಂದು ಶೆರ್ವುಡ್ಡೇ ಹೇಳುತ್ತಾನೆ. ಬ್ರಿಟಿಷರು ಹೊಸದಾಗಿ ತಂದದ್ದು ಒಂದು ಕಾನೂನು.

[ದೃಶ್ಯ: ಪರದೆಯ ಮೇಲೆ 1836]

ವಿಲಿಯಂ ಸ್ಲೀಮನ್ ಎಂಬ ಅಧಿಕಾರಿ ಮಧ್ಯ ಭಾರತದಲ್ಲಿ ಸಿಕ್ಕಿಬಿದ್ದವರನ್ನೇ ಮಾಫಿ ಸಾಕ್ಷಿಗಳನ್ನಾಗಿ ಮಾಡಿದ. ಅವರು ಹೆಸರು ಹೇಳಿದರು, ಹೆಣ ಹೂತ ಜಾಗ ತೋರಿಸಿದರು. ಸಾವಿರಾರು ಜನ ಸಿಕ್ಕಿದರು, ನೂರಾರು ಜನರಿಗೆ ಗಲ್ಲಾಯಿತು. 1836ರ ಕಾಯ್ದೆಯಲ್ಲಿ, ಥಗ್ಗರ ಗುಂಪಿಗೆ ಸೇರಿದವನು ಎಂದು ಸಾಬೀತಾದರೆ ಸಾಕು, ಜೀವಾವಧಿ ಕಠಿಣ ಸಜೆ. ಯಾರನ್ನು ಕೊಂದ, ಯಾವಾಗ ಕೊಂದ ಎಂದು ತೋರಿಸಬೇಕಿರಲಿಲ್ಲ.

ಕೊಲೆಗಳು ನಡೆದಿದ್ದವು, ನಿಜ. ಆದರೆ ತನ್ನ ತಲೆ ಉಳಿಸಿಕೊಳ್ಳಲು ಒಬ್ಬ ಹೇಳುವ ಹೆಸರುಗಳನ್ನು ಎಷ್ಟು ನಂಬುವುದು? ಇತಿಹಾಸಕಾರರು ಇಂದಿಗೂ ಈ ಪ್ರಶ್ನೆ ಬಿಟ್ಟಿಲ್ಲ. ಬಿಡಲೂಬಾರದು ಎಂದು ನನಗನ್ನಿಸುತ್ತದೆ.

ಏಕೆಂದರೆ ಅದೇ ಯೋಚನೆ 1871ರಲ್ಲಿ ಇನ್ನೂ ದೊಡ್ಡದಾಯಿತು. ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಬಂತು. ಈಗ ಗುಂಪಲ್ಲ, ಇಡೀ ಜಾತಿಯೇ ಹುಟ್ಟಾ ಕಳ್ಳರು! 1911ರಲ್ಲಿ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು.

ಲಂಬಾಣಿಗಳನ್ನೇ ನೋಡಿ. 1792ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಸೇನೆ ಇದೇ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ ಅದರ ಹೊಟ್ಟೆ ತುಂಬಿಸಿದ್ದು ಇವರ ಎತ್ತುಗಳು. ಹಿಂದಿನ ವರ್ಷ ಧಾನ್ಯ ಸಿಗದೆ ಅದೇ ಸೇನೆ ಕನ್ನಂಬಾಡಿಯ ಬಳಿ ತನ್ನ ದೊಡ್ಡ ಫಿರಂಗಿಗಳನ್ನು ಒಡೆದು ವಾಪಸ್ ಹೋಗಿತ್ತು. ಆಮೇಲೆ ರಸ್ತೆಗಳಾದವು, ರೈಲು ಬಂತು. ಹೇರೆತ್ತುಗಳ ಕೆಲಸ ಹೋಯಿತು. ಉಪ್ಪು ಹೊತ್ತು ಮಾರುತ್ತಿದ್ದ ಕೊರಚರ ಕಥೆಯೂ ಅದೇ. ಅನ್ನ ಹೊತ್ತು ತಂದವರು ಕೆಲಸ ಕಳೆದುಕೊಂಡು ಅಲೆಯುವಾಗ, ಅಲೆಯುವುದೇ ಸರ್ಕಾರದ ಕಣ್ಣಿಗೆ ಅನುಮಾನವಾಯಿತು.

ಆ ಕಾಯ್ದೆಯ ಪಟ್ಟಿಗೆ ಸೇರಿದವರು ಹೆಸರು ಬರೆಸಬೇಕು, ಹಾಜರಿ ಹಾಕಬೇಕು, ಪರವಾನಗಿ ಇಲ್ಲದೆ ಊರು ಬಿಡುವಂತಿಲ್ಲ. ಕೆಲವರನ್ನು ತಂದು ಒಂದೆಡೆ ಕೂಡಿ ಹಾಕಿದರು. ಹುಬ್ಬಳ್ಳಿಯಲ್ಲಿ ಅಂಥದ್ದೊಂದು ಇತ್ತು.

ಕಾಯ್ದೆ ರದ್ದಾಗಿದ್ದು 1952ರ ಆಗಸ್ಟ್ 31ರಂದು. ಆ ದಿನವನ್ನು ವಿಮುಕ್ತ ದಿನ ಎಂದು ಆಚರಿಸುತ್ತಾರೆ. ಹುಬ್ಬಳ್ಳಿಯ ಆ ಜಾಗವನ್ನು ಜನ ಈಗಲೂ ಸೆಟ್ಲಮೆಂಟ್ ಅಂತಲೇ ಕರೆಯುತ್ತಾರೆ.