ನುಂಗಿದ ಪದಗಳು: ಸಿ-1 ಅಡ್ವಾನ್ಸ್‌ಡ್ ಪರೀಕ್ಷೆಗೆ ಕಿವಿ ಮತ್ತು ವ್ಯಾಕರಣದ ಅಭ್ಯಾಸ

ಎಲ್ಲರಿಗೂ ನಮಸ್ಕಾರ. ಹಳಿ ದುರಸ್ತಿಗಾಗಿ ಲೋಕಲ್ ಟ್ರೇನು ನಿಲ್ಲಿಸುವ ರವಿವಾರದ ಮೆಗಾಬ್ಲಾಕ್ ದಾಟಿಕೊಂಡು ಡೊಂಬಿವಲಿ, ಠಾಣೆ, ಮೀರಾ ರೋಡ್ ಕಡೆಯಿಂದ ಮಾಟುಂಗದವರೆಗೆ ಬಂದಿದ್ದೀರಿ. ಪೀಠಿಕೆ ಬೇಡ, ವಿಷಯಕ್ಕೇ ಬರೋಣ.

ಕೇಂಬ್ರಿಜ್‌ನ ಸಿ-1 ಅಡ್ವಾನ್ಸ್‌ಡ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆ ಶುರುವಾದದ್ದು 1991ರಲ್ಲಿ. ಹಳಬರ ಬಾಯಲ್ಲಿ ಅದು ಇನ್ನೂ ಸಿಎಇ, ಅಂದರೆ ಸರ್ಟಿಫಿಕೇಟ್ ಇನ್ ಅಡ್ವಾನ್ಸ್‌ಡ್ ಇಂಗ್ಲಿಷ್. ಓದು ಮತ್ತು ಯೂಸ್ ಆಫ್ ಇಂಗ್ಲಿಷ್ ಸೇರಿ ಒಂದು ಪತ್ರಿಕೆ: 90 ನಿಮಿಷ, 8 ಭಾಗ, 56 ಪ್ರಶ್ನೆ. ಇದರ ಮೊದಲ ನಾಲ್ಕು ಭಾಗಗಳೇ ನಾವು ವ್ಯಾಕರಣ ಎಂದು ಕರೆಯುವುದು. ಲಿಸನಿಂಗ್ ಪತ್ರಿಕೆ ಸುಮಾರು 40 ನಿಮಿಷ, 4 ಭಾಗ, 30 ಪ್ರಶ್ನೆ. ಪ್ರತಿ ಧ್ವನಿಮುದ್ರಣವನ್ನೂ ಎರಡು ಸಲ ಕೇಳಿಸುತ್ತಾರೆ. ಓದು, ಬರಹ, ಕೇಳುವಿಕೆ, ಮಾತು, ಯೂಸ್ ಆಫ್ ಇಂಗ್ಲಿಷ್ ಎಂಬ ಐದಕ್ಕೂ ಬೇರೆ ಬೇರೆ ಅಂಕ ಬರುತ್ತದೆ. ಐದರ ಸರಾಸರಿ 180 ಅಥವಾ ಹೆಚ್ಚಿದ್ದರೆ ಪಾಸು, 200 ಅಥವಾ ಹೆಚ್ಚಿದ್ದರೆ ಎ ಗ್ರೇಡ್. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವ ಜಾಗವನ್ನೂ ಖಾಲಿ ಬಿಡಬಾರದು. ಹಣ ಕಟ್ಟುವ ಮೊದಲು ನೀವು ಸೇರಬೇಕೆಂದಿರುವ ವಿಶ್ವವಿದ್ಯಾಲಯವೂ ಆ ದೇಶದ ವೀಸಾ ಕಚೇರಿಯೂ ಈ ಪರೀಕ್ಷೆಯನ್ನು ಒಪ್ಪುತ್ತವೆಯೇ ಎಂದು ವಿಚಾರಿಸಿಕೊಳ್ಳಿ. ಎರಡರ ನಿಯಮ ಒಂದೇ ಇರಬೇಕೆಂದಿಲ್ಲ.

ಸಾಮಾನ್ಯವಾಗಿ ಜನ ಸೋಮವಾರ ಲಿಸನಿಂಗ್, ಮಂಗಳವಾರ ವ್ಯಾಕರಣ ಎಂದು ಎರಡಕ್ಕೆ ಎರಡು ವಹಿ ಇಡುತ್ತಾರೆ. ಕನ್ನಡ ಮನೆಮಾತಿನವರಿಗೆ ಇದು ತಪ್ಪು ದಾರಿ. ನಮಗೆ ಲಿಸನಿಂಗ್‌ನಲ್ಲಿ ಕೇಳಿಸದೆ ಹೋಗುವ ಪದಗಳು ಯಾವುವೋ, ವ್ಯಾಕರಣದ ಪತ್ರಿಕೆಯಲ್ಲಿ ಹೊಳೆಯದೆ ಹೋಗುವ ಪದಗಳೂ ಬಹುಪಾಲು ಅವೇ: ಆಫ್, ಟು, ಹ್ಯಾವ್, ಹ್ಯಾಡ್, ಆ್ಯಸ್, ದ್ಯಾನ್, ದ. ಹೀಗಾಗಿ ಎರಡನ್ನೂ ಒಂದೇ ಸಲ ಕೂತು ಮಾಡಬೇಕು.

ಕಾರಣ ನಮ್ಮ ಭಾಷೆಯ ಕಟ್ಟಡದಲ್ಲೇ ಇದೆ. ಆಡುಮಾತಿನ ಕನ್ನಡವೂ ನುಂಗುತ್ತದೆ. 'ಎಲ್ಲಿಗೆ ಹೋಗುತ್ತಿದ್ದೀಯ' ಎಂಬುದು 'ಎಲ್ಲೋಗ್ತಿದೀಯ' ಆಗುತ್ತದೆ. ಆದರೆ 'ಮನೆಯಲ್ಲಿ' ಎಂಬುದು 'ಮನೇಲಿ' ಆದರೂ ವಿಭಕ್ತಿಯ 'ಲಿ' ಪದದ ಬಾಲಕ್ಕೆ ಅಂಟಿಕೊಂಡೇ ಇರುತ್ತದೆ, ಕಿವಿಗೆ ಸಿಗುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ಮಾಡುವ ಪದ ಬೇರೆಯಾಗಿ, ನಾಮಪದಕ್ಕಿಂತ ಮೊದಲು, ಒತ್ತಿಲ್ಲದೆ ಬರುತ್ತದೆ. ಮಾತಿನ ವೇಗದಲ್ಲಿ ಮೊದಲು ಸವೆಯುವುದು ಅದೇ. 'ವುಡ್ ಹ್ಯಾವ್' ಎಂಬುದು 'ವುಡವ್' ಆಗುತ್ತದೆ. 'ಎ ಕಪ್ ಆಫ್ ಟೀ' ಎಂಬುದರಲ್ಲಿ 'ಆಫ್' ಬರೀ ಒಂದು 'ಅ' ಆಗಿ ಉಳಿಯುತ್ತದೆ.

ಪದದ ಕೊನೆಯದೂ ಒಂದು ತೊಡಕು. ನಾವು ಬಸ್ಸು, ಕಾರು, ಪೆನ್ನು ಎಂದು ಕೊನೆಗೆ ಸ್ವರ ಸೇರಿಸಿ ಹೇಳುವವರು. ಸ್ವರವಿಲ್ಲದೆ ಮುಗಿಯುವ ವ್ಯಂಜನದ ಮೇಲೆ ನಮ್ಮ ಕಿವಿ ನಿಲ್ಲುವುದಿಲ್ಲ. 'ದೆ ವಾಕ್ಡ್ ಟು ದ ಸ್ಟೇಷನ್' ಎನ್ನುವಾಗ 'ವಾಕ್ಡ್' ಪದದ ಕೊನೆಯ ಧ್ವನಿ ಮುಂದಿನ 'ಟು'ವಿನಲ್ಲಿ ಕರಗುತ್ತದೆ. ಕೇಳುವವರು ವರ್ತಮಾನ ಕಾಲ ಎಂದು ಬರೆದುಕೊಳ್ಳುತ್ತಾರೆ. ಇದು ಕಿವಿಯ ದೋಷ ಎನಿಸಿದರೂ, ಆ ವಾಕ್ಯಕ್ಕೆ ಭೂತಕಾಲ ಬೇಕು ಎಂದು ಹಿಂದಿನ ವಾಕ್ಯದಿಂದ ಊಹಿಸಿದ್ದವರು ತಪ್ಪುವುದಿಲ್ಲ. ಕಿವಿಯ ಕೊರತೆಯನ್ನು ವ್ಯಾಕರಣ ತುಂಬಿಕೊಡುತ್ತದೆ.

'ಕ್ಯಾನ್' ಮತ್ತು 'ಕಾಂಟ್' ಜೋಡಿಯನ್ನು ವಿಶೇಷವಾಗಿ ಗಮನಿಸಿ. ಕೊನೆಯ 'ಟ್'ಗಾಗಿ ಕಾಯುತ್ತ ಕೂತರೆ ಅರ್ಥ ತಲೆಕೆಳಗಾಗುತ್ತದೆ, ಏಕೆಂದರೆ ಅಮೆರಿಕದವರ ಬಾಯಲ್ಲಿ ಆ 'ಟ್' ಬಹಳ ಸಲ ಬರುವುದೇ ಇಲ್ಲ. ಸ್ವರವನ್ನು ಕೇಳಿ. ಸ್ವರ ಸಣ್ಣದಾಗಿ 'ಕನ್' ಎಂದು ಸರಿದುಹೋದರೆ ಸಾಧ್ಯ. ಸ್ವರ ಪೂರ್ತಿ ಬಿಡಿಸಿ, ಒತ್ತಿ ಬಂದರೆ ಅಸಾಧ್ಯ. ಈ ಪರೀಕ್ಷೆಯಲ್ಲಿ ಬ್ರಿಟಿಷ್, ಅಮೆರಿಕನ್, ಆಸ್ಟ್ರೇಲಿಯನ್ ಮುಂತಾದ ಹಲವು ಬಗೆಯ ಉಚ್ಚಾರ ಕಿವಿಗೆ ಬೀಳುತ್ತವೆ. ಒಂದೇ ಬಗೆಗೆ ಕಿವಿ ಪಳಗಿಸಿಕೊಂಡು ಹೋದರೆ ಸಾಲದು.

ಈಗ ಅಭ್ಯಾಸದ ಕ್ರಮ. ಬರಹರೂಪವೂ ಜೊತೆಗೆ ಸಿಗುವ ಒಂದು ಮಾತುಕತೆಯನ್ನು ಆರಿಸಿ. ಕೇಂಬ್ರಿಜ್‌ನ ಮಾದರಿ ಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ಬರಹರೂಪ ಕೊಡುವ ಪಾಡ್‌ಕಾಸ್ಟ್‌ಗಳೂ ಆಗುತ್ತವೆ. ವಾರ್ತೆ ಬೇಡ. ವಾರ್ತೆ ಓದುವವರು ಬರೆದಿಟ್ಟದ್ದನ್ನು ಬಿಡಿಸಿ ಓದುತ್ತಾರೆ. ಪರೀಕ್ಷೆಯಲ್ಲಿ ಬರುವುದು ತಡವರಿಸುವ, ಮಾತು ತಿದ್ದಿಕೊಳ್ಳುವ, ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕುವ ಸಂಭಾಷಣೆ. ಅದರಲ್ಲಿ 30 ಸೆಕೆಂಡಿನ ತುಣುಕು ಸಾಕು, ಅಂದರೆ ಸುಮಾರು 80 ಪದ. ಮೊದಲ ಸಲ ಪೆನ್ನು ಮುಟ್ಟದೆ ಕೇಳಿ, ಯಾರು ಯಾರಿಗೆ ಏಕೆ ಹೇಳುತ್ತಿದ್ದಾರೆ ಎಂಬುದನ್ನಷ್ಟೇ ಹಿಡಿಯಿರಿ. ಆಮೇಲೆ ಉಸಿರು ನಿಲ್ಲುವಲ್ಲಿ ನಿಲ್ಲಿಸುತ್ತ, ಒಂದೊಂದು ತುಂಡನ್ನು ಹೆಚ್ಚೆಂದರೆ ಮೂರು ಸಲ ಕೇಳಿ ಬರೆಯಿರಿ. ಮೂರಕ್ಕಿಂತ ಹೆಚ್ಚು ಬೇಡ. ಹತ್ತು ಸಲ ಕೇಳಿದರೆ ಕಂಠಪಾಠವಾಗುತ್ತದೆ, ಕಿವಿ ಬೆಳೆಯುವುದಿಲ್ಲ. ಕೇಳಿಸದ ಜಾಗಕ್ಕೆ ಗೆರೆ ಎಳೆದು ಮುಂದೆ ಹೋಗಿ.

ಮುಂದಿನ ಹೆಜ್ಜೆಯನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬರಹರೂಪ ತೆರೆಯುವ ಮೊದಲು ಧ್ವನಿ ನಿಲ್ಲಿಸಿ, ನೀವು ಎಳೆದ ಗೆರೆಗಳನ್ನು ವ್ಯಾಕರಣದಿಂದಲೇ ತುಂಬಿ. 'ಐ ವಿಶ್ ಐ ಗೆರೆ ಟೋಲ್ಡ್ ಹರ್' ಎಂದಿದ್ದರೆ ಅಲ್ಲಿ ಏನು ಬರಬಹುದು? 'ಹ್ಯಾಡ್' ಬಿಟ್ಟು ಬೇರೆ ಯಾವುದು ಕೂರುತ್ತದೆ? ಹೀಗೆ ಒಂದೊಂದಕ್ಕೂ ಕಾರಣ ಹುಡುಕುವುದೇ ಯೂಸ್ ಆಫ್ ಇಂಗ್ಲಿಷ್‌ನ ಎರಡನೇ ಭಾಗದ ಅಭ್ಯಾಸ. ಆ ಭಾಗದಲ್ಲಿ 8 ಖಾಲಿ ಜಾಗ ಇರುತ್ತವೆ, ಪ್ರತಿಯೊಂದಕ್ಕೂ ಒಂದೇ ಪದ, ಆಯ್ಕೆಗಳಿಲ್ಲ. ಬೇಕಾಗುವುದು ಬಹುತೇಕ ಇಂಥ ಸಣ್ಣ ಪದಗಳೇ.

ಕೊನೆಗೆ ಬರಹರೂಪ ತೆರೆದು ಕೆಂಪು ಶಾಯಿಯಲ್ಲಿ ತಿದ್ದಿ. ಪ್ರತಿ ತಪ್ಪಿನ ಪಕ್ಕ ಒಂದು ಅಕ್ಷರ ಹಾಕಿ: ಪದ ಗೊತ್ತಿದ್ದೂ ಕೇಳಿಸದಿದ್ದರೆ 'ಕಿ', ಕೇಳಿಸಿದರೂ ರೂಪ ತಪ್ಪಾಗಿದ್ದರೆ 'ವ್ಯಾ', ಪದವೇ ಗೊತ್ತಿಲ್ಲದಿದ್ದರೆ 'ಪ'. ಎರಡು ವಾರದ ಪುಟ ತಿರುವಿದರೆ ನಿಮ್ಮ ಮದ್ದು ಏನೆಂದು ತಾನಾಗಿ ಕಾಣುತ್ತದೆ. 'ಪ' ಹೆಚ್ಚಿದ್ದರೆ ಇನ್ನಷ್ಟು ಕೇಳಿ ಪ್ರಯೋಜನವಿಲ್ಲ, ಓದು ಹೆಚ್ಚಿಸಬೇಕು. 'ಕಿ' ಹೆಚ್ಚಿದ್ದರೆ ಅದೇ ತುಣುಕನ್ನು ಧ್ವನಿಯ ಜೊತೆಜೊತೆಗೆ, ಅದೇ ವೇಗದಲ್ಲಿ ಬಾಯಲ್ಲಿ ಹೇಳಬೇಕು. ಬಾಯಿ ನುಂಗಲು ಕಲಿತರೆ ಕಿವಿ ನುಂಗಿದ್ದನ್ನು ಗುರುತಿಸುತ್ತದೆ. ಒಂದು ತುಣುಕಿಗೆ 25 ನಿಮಿಷ ಬೇಕು, ದಿನಕ್ಕೆ ಒಂದು ಸಾಕು. ಲೋಕಲ್ ಟ್ರೇನಿನಲ್ಲಿ ಇದನ್ನು ಮಾಡಲು ಹೋಗಬೇಡಿ. ಗದ್ದಲದಲ್ಲಿ ಸಣ್ಣ ಪದಗಳೇ ಮೊದಲು ಮುಳುಗುತ್ತವೆ, ತಪ್ಪು ಕಿವಿಯದೋ ಟ್ರೇನಿನದೋ ತಿಳಿಯುವುದಿಲ್ಲ. ಹಿಂದಿನ ದಿನ ಬರೆದು ಮುಗಿಸಿದ ತುಣುಕನ್ನು ಮತ್ತೆ ಕೇಳಲು ಟ್ರೇನಿನ ಹೊತ್ತು ಒಳ್ಳೆಯದು.

ವ್ಯಾಕರಣಕ್ಕೆ ಬಂದರೆ, ಎಲ್ಲ ನಿಯಮಗಳಿಗೂ ಸಮಾನ ಸಮಯ ಕೊಡುವುದು ದಂಡ. ಕನ್ನಡದಿಂದ ಬಂದವರು ಎಡವುವ ಜಾಗಗಳು ಗೊತ್ತಿರುವಂಥವು. 'ಎರಡು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ' ಎಂಬುದನ್ನು ನಾವು 'ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್' ಮಾಡುತ್ತೇವೆ. ನಮ್ಮ 'ಇಂದ' ಒಂದೇ ಪ್ರತ್ಯಯ. ಅವರಿಗೆ ಅವಧಿಗೆ 'ಫಾರ್', ಆರಂಭದ ಬಿಂದುವಿಗೆ 'ಸಿನ್ಸ್', ಮತ್ತು ಎರಡಕ್ಕೂ 'ಹ್ಯಾವ್ ಬೀನ್'. 'ಮಳೆ ಬಂದರೂ ಹೋದೆವು' ಎಂಬಲ್ಲಿ 'ಊ' ಒಂದೇ ಸಾಕು; ಇಂಗ್ಲಿಷಿನಲ್ಲಿ 'ಆಲ್ದೋ' ಹಾಕಿದ ಮೇಲೆ ಮತ್ತೆ 'ಬಟ್' ಸೇರಿಸುವುದು ನಮ್ಮ ರೂಢಿ. ಮುಂಬಯಿಯ ಆಫೀಸುಗಳಲ್ಲಿ ದಿನಾ ಕೇಳುವ 'ಡಿಸ್ಕಸ್ ಅಬೌಟ್', 'ಕೋಪ್ ಅಪ್ ವಿತ್' (ಇವುಗಳಲ್ಲಿ 'ಅಬೌಟ್', 'ಅಪ್' ಬೇಡವಾದವು) ಇಲ್ಲಿನ ಮಾತಿಗೆ ತೊಂದರೆ ಕೊಡುವುದಿಲ್ಲ, ಎಲ್ಲರಿಗೂ ಅರ್ಥವಾಗುತ್ತದೆ. ಪರೀಕ್ಷೆಯಲ್ಲಿ ಮಾತ್ರ ಅಂಕ ಹೋಗುತ್ತದೆ.

ಕನ್ನಡ ನೆರವಿಗೆ ಬರುವ ಕಡೆಗಳೂ ಇವೆ, ಅವನ್ನು ಯಾರೂ ಹೇಳಿಕೊಡುವುದಿಲ್ಲ ಎಂಬುದು ನಮ್ಮ ಕೊರಗು. ಮೂರನೇ ಭಾಗದಲ್ಲಿ ಒಂದು ಮೂಲಪದ ಕೊಟ್ಟು ಸಂದರ್ಭಕ್ಕೆ ತಕ್ಕ ರೂಪ ಕೇಳುತ್ತಾರೆ. 'ಎಕ್ಸ್‌ಪೆಕ್ಟ್' ಕೊಟ್ಟಿದ್ದಾರೆ, ಬೇಕಾದದ್ದು 'ಅನ್‌ಎಕ್ಸ್‌ಪೆಕ್ಟೆಡ್‌ಲಿ' ಎನ್ನಿ. ನಿರೀಕ್ಷೆ, ನಿರೀಕ್ಷಿತ, ಅನಿರೀಕ್ಷಿತ, ಅನಿರೀಕ್ಷಿತವಾಗಿ: ಮೆಟ್ಟಿಲು ಮೆಟ್ಟಿಲಾಗಿ ಅದೇ ದಾರಿ. ವಾಕ್ಯವನ್ನು ಕನ್ನಡದಲ್ಲಿ ಅಂದುಕೊಂಡರೆ ಅಲ್ಲಿ 'ಅ' ಬೇಕೇ, 'ಆಗಿ' ಬೇಕೇ ಎಂಬುದು ತಕ್ಷಣ ಗೊತ್ತಾಗುತ್ತದೆ. ಈ ಭಾಗದಲ್ಲಿ ಅಂಕ ಹೋಗುವುದು ಬಹಳ ಸಲ ಅರ್ಥ ವಿರುದ್ಧವಾಗಿದೆ ಎಂದು ಗಮನಿಸದೆ ಪದದ ಆರಂಭದ ಉಪಸರ್ಗ ಬಿಡುವುದರಿಂದ. ಅಕ್ಷರ ತಪ್ಪಿದರೂ ಅಂಕವಿಲ್ಲ.

ಈ ನಾಲ್ಕು ಭಾಗಗಳಲ್ಲಿ ನಾಲ್ಕನೆಯದು ಎಲ್ಲಕ್ಕಿಂತ ಬೆಲೆಯುಳ್ಳದ್ದು. ಆರು ಪ್ರಶ್ನೆ, ಒಂದೊಂದಕ್ಕೆ ಎರಡು ಅಂಕ. ಒಂದು ವಾಕ್ಯ, ಒಂದು ಸೂಚಕ ಪದ, ಅದೇ ಅರ್ಥದ ಎರಡನೇ ವಾಕ್ಯದಲ್ಲಿ ಖಾಲಿ ಜಾಗ. ಸೂಚಕ ಪದವನ್ನು ಬದಲಿಸದೆ ಮೂರರಿಂದ ಆರು ಪದಗಳಲ್ಲಿ ತುಂಬಬೇಕು. 'ಐ ರಿಗ್ರೆಟ್ ನಾಟ್ ಟೆಲಿಂಗ್ ಹರ್ ದ ಟ್ರುತ್' ಎಂಬುದು ಮೊದಲ ವಾಕ್ಯ, ಸೂಚಕ ಪದ 'ವಿಶ್' ಎನ್ನೋಣ. ಉತ್ತರ: 'ವಿಶ್ ಐ ಹ್ಯಾಡ್ ಟೋಲ್ಡ್'. ಅಂಕ ಕೊಡುವವರು ಉತ್ತರವನ್ನು ಎರಡು ತುಂಡಾಗಿ ನೋಡುತ್ತಾರೆ. 'ವಿಶ್ ಐ' ಸರಿಯಿದ್ದು ಮುಂದಿನದು ತಪ್ಪಿದರೂ ಒಂದು ಅಂಕ ಕೈಸೇರುತ್ತದೆ. 'ಐ ಹ್ಯಾಡ್' ಎಂಬುದನ್ನು ಕೂಡಿಸಿ ಬರೆದರೂ ಎರಡು ಪದ ಎಂದೇ ಲೆಕ್ಕ. ಇಲ್ಲೂ ಕನ್ನಡ ಕೈಹಿಡಿಯುತ್ತದೆ: 'ಹೇಳಿದ್ದರೆ ಚೆನ್ನಾಗಿತ್ತು'. ನಡೆಯದೆ ಹೋದದ್ದನ್ನು ಹೇಳಲು ನಾವೂ ಭೂತರೂಪಕ್ಕೇ ಹೋಗುತ್ತೇವೆ. 'ಮಳೆ ಬಂದಿದ್ದರೆ ಬೆಳೆ ಬರುತ್ತಿತ್ತು' ಎನ್ನಬಲ್ಲವರಿಗೆ ಇಂಗ್ಲಿಷಿನ ಮೂರನೇ ಬಗೆಯ 'ಇಫ್' ಹೊಸದಲ್ಲ. ನಿಜಕ್ಕೂ ಹೊಸದು ಎಂದರೆ 'ಹಾರ್ಡ್‌ಲಿ ಹ್ಯಾಡ್ ವಿ ಸ್ಯಾಟ್ ಡೌನ್ ವೆನ್', 'ನೋ ಸೂನರ್ ಹ್ಯಾಡ್ ವಿ ಲೆಫ್ಟ್ ದ್ಯಾನ್' ಇಂಥವು. ಕ್ರಿಯಾಪದ ಕೊನೆಗೇ ಬರುವ ನಮಗೆ, ಸಹಾಯಕ ಕ್ರಿಯಾಪದ ಕರ್ತೃವನ್ನು ದಾಟಿ ಮುಂದೆ ನುಗ್ಗುವುದು ವಿಚಿತ್ರ. ಇವನ್ನು ಬಾಯಿಪಾಠವೇ ಮಾಡಬೇಕು, ಹತ್ತು ಹನ್ನೆರಡು ವಾಕ್ಯಗಳು ಸಾಕು.

ಕೊಟ್ಟ ಆಯ್ಕೆಗಳಲ್ಲಿ ಸರಿಯಾದ ಪದ ಆರಿಸುವ ಮೊದಲ ಭಾಗದ ಬಗ್ಗೆ ಒಂದೇ ಮಾತು. ಪದಗಳನ್ನು ಒಂಟಿಯಾಗಿ ಕಲಿಯಬೇಡಿ. ಕನ್ನಡದಲ್ಲಿ ಮಳೆ ಜೋರು, ಕಾಡು ದಟ್ಟ, ಅದಲುಬದಲು ಮಾಡುವುದಿಲ್ಲ. ಇಂಗ್ಲಿಷ್ ಪದಗಳಿಗೂ ಹೀಗೆಯೇ ಜೊತೆಗಾರರು ಇರುತ್ತಾರೆ.

90 ನಿಮಿಷದಲ್ಲಿ ಈ ನಾಲ್ಕೂ ಭಾಗಕ್ಕೆ 30ರಿಂದ 35 ನಿಮಿಷ ಇಟ್ಟುಕೊಳ್ಳಿ. ಹೆಚ್ಚಾದರೆ ಮುಂದಿನ ಓದು ಸೊರಗುತ್ತದೆ.

ಇನ್ನು ಲಿಸನಿಂಗ್ ಪತ್ರಿಕೆಯ ಒಳಗೆ. ಎರಡನೇ ಭಾಗದಲ್ಲಿ ಒಬ್ಬರೇ ಸುಮಾರು ಮೂರು ನಿಮಿಷ ಮಾತಾಡುತ್ತಾರೆ, ನೀವು 8 ವಾಕ್ಯ ಪೂರ್ತಿ ಮಾಡಬೇಕು. ದಾದರ್ ಸ್ಟೇಷನ್ನಿನ ಘೋಷಣೆಯನ್ನು ನೆನೆಯಿರಿ. ಅರ್ಧ ಪದ ಕೇಳಿಸದಿದ್ದರೂ ತಿಳಿಯುತ್ತದೆ, ಏಕೆಂದರೆ ಎಷ್ಟನೇ ಪ್ಲಾಟ್‌ಫಾರ್ಮ್, ಎಲ್ಲಿಗೆ, ಸ್ಲೋನೋ ಫಾಸ್ಟೋ ಎಂಬ ಚೌಕಟ್ಟು ತಲೆಯಲ್ಲಿ ಮೊದಲೇ ಇದೆ. ಇಲ್ಲೂ ಧ್ವನಿ ಶುರುವಾಗುವ ಮೊದಲಿನ ಹೊತ್ತಿನಲ್ಲಿ ವಾಕ್ಯಗಳನ್ನು ಓದಿ ಪ್ರತಿ ಜಾಗಕ್ಕೂ ಚೌಕಟ್ಟು ಹಾಕಿ: ಹಿಂದೆ 'ಎ' ಇದ್ದರೆ ಏಕವಚನ ನಾಮಪದ ಬೇಕು; ಮುಂದೆ ನಾಮಪದವಿದ್ದರೆ ವಿಶೇಷಣ ಇರಬಹುದು. ಜಾಗಕ್ಕೆ ಕೂರುವಂಥ ಎರಡು ಮೂರು ಪದಗಳನ್ನು ಮಾತುಗಾರರು ಹೇಳುತ್ತಾರೆ. ಮೊದಲು ಕೇಳಿಸಿದ್ದನ್ನು ಬರೆದು ಪೆನ್ನು ಎತ್ತಿದವರು ಸಿಕ್ಕಿಬೀಳುತ್ತಾರೆ. ಕೇಳಿಸಿದ ಪದವನ್ನೇ ಬರೆಯಿರಿ, ಅದೇ ಅರ್ಥದ ಬೇರೆ ಪದ ಹುಡುಕಬೇಡಿ.

ಮೂರನೇ ಭಾಗದ ಸಂದರ್ಶನದಲ್ಲಿ ಇದರ ತದ್ವಿರುದ್ಧ. ಆಯ್ಕೆಯಲ್ಲಿರುವ ಪದವೇ ಧ್ವನಿಯಲ್ಲಿ ಕೇಳಿಸಿದರೆ ಎಚ್ಚರವಾಗಿರಿ, ಅದು ಬಲೆಯಾಗಿರುವ ಸಂಭವ ಹೆಚ್ಚು. ಸರಿಯುತ್ತರ ಬೇರೆ ಮಾತಿನಲ್ಲಿ ಬರುತ್ತದೆ. ನಾಲ್ಕನೇ ಭಾಗದಲ್ಲಿ ಐದು ಜನ ತಲಾ ಅರ್ಧ ನಿಮಿಷ ಮಾತಾಡುತ್ತಾರೆ, ಅದಕ್ಕೆ ಎರಡು ಕೆಲಸ, ಹತ್ತು ಅಂಕ. ಅಂದರೆ ಇಡೀ ಪತ್ರಿಕೆಯ ಮೂರರಲ್ಲಿ ಒಂದು ಪಾಲು ಇಲ್ಲೇ ಇದೆ. ಪ್ರತಿ ಕೆಲಸಕ್ಕೂ ಎಂಟು ಆಯ್ಕೆ, ಮೂರು ಉಳಿಯುತ್ತವೆ. ಮೊದಲ ಸಲ ಒಂದು ಕೆಲಸ, ಎರಡನೇ ಸಲ ಇನ್ನೊಂದು ಎಂದು ಕೆಲವರು ಹೇಳಿಕೊಡುತ್ತಾರೆ. ಹಾಗೆ ಮಾಡಿದರೆ ಪ್ರತಿಯೊಂದನ್ನೂ ಒಂದೇ ಸಲ ಕೇಳಿದಂತಾಗುತ್ತದೆ, ತಿದ್ದಲು ಅವಕಾಶವಿಲ್ಲ. ಎರಡು ಪಟ್ಟಿಯನ್ನೂ ಒಟ್ಟಿಗೆ ಕಣ್ಣಮುಂದೆ ಇಟ್ಟುಕೊಳ್ಳುವುದನ್ನು ಮನೆಯಲ್ಲೇ ರೂಢಿಸಿಕೊಳ್ಳಿ.

ಕಾಗದದ ಪರೀಕ್ಷೆಯಾದರೆ ಕೊನೆಗೆ ಉತ್ತರಗಳನ್ನು ಹಾಳೆಗೆ ಇಳಿಸಲು ಐದು ನಿಮಿಷ ಕೊಡುತ್ತಾರೆ. ಆಗ ಎರಡನೇ ಭಾಗದ ಪ್ರತಿ ವಾಕ್ಯವನ್ನೂ ಉತ್ತರದ ಸಮೇತ ಮನಸ್ಸಿನಲ್ಲಿ ಓದಿ. ಕೇಳಿಸದ ಬಹುವಚನದ 'ಎಸ್' ಅಲ್ಲಿ ಸಿಗುತ್ತದೆ.

ಈಗ ಅರ್ಧ ನಿಮಿಷದ ಒಂದು ತುಣುಕು ಹಾಕುತ್ತೇವೆ. ವಹಿ ತೆರೆದಿಡಿ, ಆದರೆ ಮೊದಲ ಸಲ ಪೆನ್ನು ಮುಟ್ಟಬೇಡಿ.